ಅಣ್ಣನ ಹೆಸರಿನಲ್ಲಿ ನಾಲ್ಕು ವರ್ಷ

ನಾನು ಮೂವತ್ತೈದು ವರ್ಷ ಸರಕಾರಿ ಕನ್ನಡ ಶಾಲೆಗಳಲ್ಲಿ ಕಲಿಸಿದವಳು. ಕಲಿಸಿದವಳು ಎಂಬುದು ಅರ್ಧ ನಿಜ. ಉಳಿದರ್ಧ ಹೊತ್ತು ಬರೆದವಳು. ಹಾಜರಿ ಬರೆದೆ, ಬಿಸಿಯೂಟದ ಬೇಳೆ ಬರೆದೆ, ಜನಗಣತಿ, ದನಗಣತಿ, ಮತದಾರರ ಪಟ್ಟಿ ಬರೆದೆ. ಯಾರ ಮನೆಯಲ್ಲಿ ಶೌಚಾಲಯವಿದೆ, ಇದ್ದರೆ ಅದರೊಳಗೆ ಕಟ್ಟಿಗೆ ಒಟ್ಟಿದ್ದಾರೋ ಹೇಗೆ, ಅದನ್ನೂ ಬರೆದೆ. ಹೀಗಾಗಿ ನಿವೃತ್ತಳಾಗಿ ಹುಕ್ಕೇರಿಯಲ್ಲಿ ಅವ್ವನ ಜೊತೆ ಸುಮ್ಮನೆ ಕುಳಿತ ಎಂಟನೇ ತಿಂಗಳಿಗೆ ನನ್ನ ಹುಟ್ಟೂರಿನ ಶಾಲಾ ಸಮಿತಿಯ ಅಧ್ಯಕ್ಷರು ಬಂದು, "ಅಕ್ಕೋರ, ನಮ್ಮ ಸಾಲಿ ಇತಿಹಾಸ ಒಂದ ಬರದ ಕೊಡ್ರಿ" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾನು ಬರೆಯದೆ ಉಳಿದದ್ದು ಅದೊಂದೇ.

ಹುಟ್ಟೂರು ಇರುವುದು ಮೂಡಲಗಿ ತಾಲೂಕಿನಲ್ಲಿ, ತುಕ್ಕಾನಟ್ಟಿಯಿಂದ ಇನ್ನೂ ಒಂದಿಷ್ಟು ಮುಂದೆ. ಹೆಸರು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದು ಓದುತ್ತ ಹೋದರೆ ತಿಳಿಯುತ್ತದೆ. ಅಧ್ಯಕ್ಷರು ಅಲ್ಲಿಯ ಹಳೆಯ ಮುಸಲ್ಮಾನ ಮನೆತನದವರು, ಎರಡು ಎಕರೆ ಕಬ್ಬು, ಒಂದು ಬಟ್ಟೆ ಅಂಗಡಿ. ಶಾಲೆಗೆ ಕಟ್ಟಡವಿಲ್ಲದ ಕಾಲದಲ್ಲಿ ಅವರ ಅಜ್ಜನ ಪಡಸಾಲೆಯಲ್ಲೇ ಎರಡು ಮಳೆಗಾಲ ಪಾಠ ನಡೆದಿತ್ತು. ಆ ಋಣ ತಮ್ಮ ಮೇಲಿದೆಯೋ ಶಾಲೆಯ ಮೇಲಿದೆಯೋ ಎಂಬುದು ಅವರಿಗೂ ಸ್ಪಷ್ಟವಿಲ್ಲ, ಆದರೆ ಶಾಲೆಯ ಕೆಲಸ ಎಂದರೆ ಅಂಗಡಿಯ ಬಾಗಿಲು ಹಾಕಿ ಬರುತ್ತಾರೆ. ಶಾಲೆಗೆ ನೂರು ವರ್ಷ ತುಂಬಿದೆ, ಸಮಾರಂಭ ಮಾಡಬೇಕು, ಒಂದು ಪುಸ್ತಕ ಅಚ್ಚು ಹಾಕಬೇಕು ಎಂದರು.

"ನೂರಂತ ಹೆಂಗ ಗೊತ್ತಾತ್ರಿ?" ಎಂದು ಕೇಳಿದೆ.

"ಮೊದಲನೇ ರಜಿಸ್ಟರ ಗೆದ್ದಲ ತಿಂದಾವ್ರಿ. ಎರಡನೇದರಾಗ ಎಪ್ಪತ್ತ-ಎಂಬತ್ತ ವರ್ಷದ್ದು ಐತಿ. ಅದರ ಹಿಂದ ಗೆದ್ದಲಿಗೆ ಒಂದ ಇಪ್ಪತ್ತ ವರ್ಷ ಹಿಡದೇವ್ರಿ. ಮ್ಯಾಲ ಸಮಾರಂಭಕ್ಕ ಬರಾಕ ಶಿಕ್ಷಣ ಖಾತೆ ದೊಡ್ಡ ಸಾಹೇಬ್ರ ತಾರೀಖೂ ಸಿಕ್ಕೈತಿ."

ಇತಿಹಾಸ ಬರೆಯುವವರು ಇದಕ್ಕಿಂತ ಕಡಿಮೆ ಆಧಾರದ ಮೇಲೆ ಬರೆದದ್ದುಂಟು. ನಾನು ಒಪ್ಪಿಕೊಂಡೆ. ಅವರು ಮೋಟರ್‌ಸೈಕಲ್ಲಿನ ಹಿಂದೆ ಗೊಬ್ಬರದ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ ರಜಿಸ್ಟರುಗಳನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ, ಅವ್ವನಿಗೆ "ಆಯಿ, ಆರಾಮ ಅದೀರಿ?" ಎಂದು ಕೇಳಿ, ಚಹಾ ಕುಡಿದು ಹೋದರು.

ನನ್ನ ಸ್ವಭಾವದ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡಬೇಕು. ನಾನು ರಜಿಸ್ಟರನ್ನು ನಂಬುವವಳು. ನನ್ನ ಜನ್ಮದಿನಾಂಕ ಜೂನ್ ಒಂದು. ನಮ್ಮ ತರಗತಿಯ ಎಲ್ಲರದ್ದೂ ಜೂನ್ ಒಂದೇ, ಯಾಕೆಂದರೆ ಹೆಸರು ಹಚ್ಚುವ ದಿನ ಗುರುಗಳು ಮಕ್ಕಳ ಎತ್ತರ ನೋಡಿ ವರ್ಷ ಬರೆದು, ತಾರೀಖಿಗೆ ತಲೆ ಕೆಡಿಸಿಕೊಳ್ಳದೆ ಜೂನ್ ಒಂದು ಎಂದು ಹಾಕುತ್ತಿದ್ದರು. ನಾನು ಹುಟ್ಟಿದ್ದು ಸುಗ್ಗಿಯಲ್ಲಿ ಎಂದು ಅವ್ವ ಹೇಳುತ್ತಾಳೆ. ಇರಬಹುದು, ಆದರೆ ನಿವೃತ್ತಿಯಾಗಿದ್ದು ಜೂನ್ ಒಂದರ ಲೆಕ್ಕದಲ್ಲಿ. ಹಾಗಾಗಿ ನಾನು ಹುಟ್ಟಿದ್ದೂ ಆವತ್ತೇ. ಮುಖ್ಯಾಧ್ಯಾಪಕಿಯಾಗಿದ್ದಾಗ ನನ್ನ ಸ್ವಂತ ಚಿಕ್ಕಪ್ಪನ ಮಗ ತನ್ನ ಮಗನ ವಯಸ್ಸು ಒಂದು ವರ್ಷ ಕಡಿಮೆ ಮಾಡಿಕೊಡು ಎಂದು ಬಂದಾಗ, ಚಹಾ ಕೊಟ್ಟು ಕಳಿಸಿದೆ. ಅವನು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಬರೆದದ್ದು ಬರೆದದ್ದೇ.

ರಜಿಸ್ಟರುಗಳನ್ನು ಬಿಚ್ಚಿ ನೋಡಿದರೆ ಇತಿಹಾಸ ತಾನಾಗಿಯೇ ಬರೆದುಕೊಂಡು ಹೋಗುವಷ್ಟು ಸರಳವಾಗಿತ್ತು. ಶಾಲೆ ಮೊದಲು ಹನಮಂತದೇವರ ಗುಡಿಯ ಪೌಳಿಯಲ್ಲಿತ್ತು, ಜಾತ್ರೆ ಬಂದಾಗ ಮಕ್ಕಳನ್ನು ಹೊರಗೆ ಹಾಕುತ್ತಿದ್ದರು. ಅಲ್ಲಿಂದ ಚಾವಡಿಗೆ ಬಂತು, ವಸೂಲಿ ಬಂದಾಗ ಹೊರಗೆ ಹಾಕುತ್ತಿದ್ದರು. ಅಲ್ಲಿಂದ ಅಧ್ಯಕ್ಷರ ಅಜ್ಜನ ಪಡಸಾಲೆಗೆ ಬಂತು, ಮದುವೆ ಬಂದಾಗ. ಕೊನೆಗೆ ಎರಡು ಹಂಚಿನ ಖೋಲಿ ಆದವು, ಆಮೇಲೆ ಸ್ಲಾಬಿನ ಖೋಲಿಗಳು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದದ್ದು ಶಾಲೆಗೆ ತಿಳಿದಿದ್ದು ಹಾಜರಿ ಪುಸ್ತಕದ ಗೆರೆಗಳು ಬದಲಾದಾಗ. ಹಳದಿ ಹಿಟ್ಟಿನ ಉಪ್ಪಿಟ್ಟು ಬಂದು ಹೋಯಿತು, ಹಾಲಿನ ಪುಡಿ ಬಂದು ಹೋಯಿತು, ಬಿಸಿಯೂಟ ಬಂದು ನಿಂತಿತು. ಈಗ ಬೆಳಗ್ಗೆ ಎಂಟಕ್ಕೆ ಮೂಡಲಗಿಯಿಂದ ಇಂಗ್ಲಿಷ್ ಶಾಲೆಯ ಹಳದಿ ಗಾಡಿ ಬರುತ್ತದೆ, ಅರ್ಧ ಊರು ಅದರಲ್ಲಿ ಹೋಗುತ್ತದೆ. ಉಳಿದರ್ಧ ನಮ್ಮದು.

ರಜಿಸ್ಟರುಗಳ ಅಡಿಯಲ್ಲಿ ಒಂದು ಶೇರಾ ಪುಸ್ತಕವೂ ಇತ್ತು. ತಪಾಸಣೆಗೆ ಬಂದ ಸಾಹೇಬರು ತಮ್ಮ ಅಭಿಪ್ರಾಯ ಬರೆದು ಹೋಗುವ ಪುಸ್ತಕ ಅದು. ಆ ಕಾಲದಲ್ಲಿ ಆ ಸಾಹೇಬರನ್ನು ಊರವರು ದಿಪೋಟಿ ಎನ್ನುತ್ತಿದ್ದರು. ಪ್ರತಿ ವರ್ಷದ ಶೇರಾ ಒಂದೇ ತರಹ: ಮಾಡು ಸೋರುತ್ತದೆ, ಮಸಿಯ ದೌತಿಗಳು ಸಾಲವು, ಶುದ್ಧಬರಹ ಸಮಾಧಾನಕರ. ಒಂದು ಪುಟದಲ್ಲಿ ಮಾತ್ರ ಬೇರೆ ಇತ್ತು. ಎರಡನೇ ಯತ್ತೆಯಲ್ಲಿ, ಅಂದರೆ ಈಗಿನ ಎರಡನೇ ತರಗತಿಯಲ್ಲಿ, ಒಬ್ಬ ಹುಡುಗನ ಹೆಸರು ಬರೆದು, "ಸದರಿ ವಿದ್ಯಾರ್ಥಿಯ ಜವಳವನ್ನು ಪಾಲಕರು ಆದಷ್ಟು ಬೇಗನೆ ತೆಗೆಸತಕ್ಕದ್ದು" ಎಂದಿತ್ತು. ಹರಕೆಯ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ ನಮ್ಮಲ್ಲಿ ಜವಳ ಎನ್ನುತ್ತಾರೆ. ಶಿಕ್ಷಣ ಇಲಾಖೆ ಜವಳದಲ್ಲಿ ಕೈ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದಕ್ಕಿಂತ ಮಜಾ ಎಂದರೆ ಆ ಹುಡುಗನ ಹೆಸರು ನನ್ನ ಸೋದರಮಾವನದು, ಅವ್ವನ ಸ್ವಂತ ಅಣ್ಣನದು.

ಅವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಅವಳಿಗೆ ಎಂಬತ್ತರ ಹತ್ತಿರ. ನಾನು ನಗುತ್ತ ಆ ಸಾಲನ್ನು ಗಟ್ಟಿಯಾಗಿ ಓದಿದೆ.

ಅವ್ವ ನಗಲಿಲ್ಲ. ಕಾಯಿ ಸುಲಿಯುವುದನ್ನು ನಿಲ್ಲಿಸಿ, "ಅದು ಅಂವನ ಕೂದಲ ಅಲ್ಲ. ನನ್ನ ಕೂದಲ" ಎಂದಳು.

"ನಿನ್ನ ಕೂದಲ ದಿಪೋಟಿ ಯಾಕ ನೋಡಿದಾ?"

"ಸಾಲ್ಯಾಗ ಕುಂತಿದ್ನೆಲ್ಲ, ನೋಡಿದಾ."

"ನೀ ಸಾಲೀಗೆ ಹ್ವಾದಾಕಿ ಅಲ್ಲಲ್ಲವಾ."

"ನಾಕ ವರ್ಷ ಹೋಗೇನಿ" ಎಂದು ಅವ್ವ ಮತ್ತೆ ಕಾಯಿ ಕೈಗೆತ್ತಿಕೊಂಡಳು. "ನಮ್ಮಣ್ಣನ ಹೆಸರ ಮ್ಯಾಲ."

ಅವಳು ಹೇಳಿದ್ದು ಇಷ್ಟು. ಆಗ ಸಕ್ತಿಯ ಶಿಕ್ಷಣ, ಅಂದರೆ ಕಡ್ಡಾಯ ಶಿಕ್ಷಣ, ಎಂಬುದು ಬಂದಿತ್ತು. ಹೆಸರು ಹಚ್ಚಿದ ಹುಡುಗ ಶಾಲೆಗೆ ಬರದಿದ್ದರೆ ತಂದೆಗೆ ದಂಡ. ನನ್ನ ಅಜ್ಜ ಹೆದರಿ ಮಗನ ಹೆಸರು ಹಚ್ಚಿದ. ಮಾಮಾ ಮೂರು ದಿನ ಹೋದ. ನಾಲ್ಕನೇ ದಿನ ಎಮ್ಮೆ ಕಾಯಲು ಆಳಿಲ್ಲ ಎಂಬುದು ಅಜ್ಜನ ಗಮನಕ್ಕೆ ಬಂತು. ಆಗಿದ್ದವರು ಹುಕ್ಕೇರಿ ಕಡೆಯ ಮುಸಲ್ಮಾನ ಮಾಸ್ತರರು. ಊರಲ್ಲಿ ಖೋಲಿ ಹಿಡಿದು ಇದ್ದು ಶನಿವಾರ ಊರಿಗೆ ಹೋಗುತ್ತಿದ್ದವರು, ದುಂಡಗಿನ ಕನ್ನಡ ಅಕ್ಷರಕ್ಕೆ ಹೆಸರಾದವರು. ಅವರು ಮನೆಗೆ ಬಂದು ಹುಡುಗ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ ಅಜ್ಜ, "ನಿಮಗ ಲೆಕ್ಕಕ್ಕ ಒಂದ ತಲಿ ಬೇಕಲ್ರಿ ಮಾಸ್ತರ? ಕಳಸ್ತೇನ ತಗೋರಿ" ಎಂದು ಏಳು ವರ್ಷದ ಮಗಳನ್ನು ಮುಂದೆ ನಿಲ್ಲಿಸಿದ.

ಅವಳದೇ ಹೆಸರು ಹಚ್ಚಬಹುದಿತ್ತು. ಆದರೆ ಆಗ ಒಂದು ಮನೆಯಿಂದ ಎರಡು ಹೆಸರಾಗುತ್ತವೆ, ತಲೆ ಒಂದೇ, ಒಂದು ಹೆಸರು ಖಾಯಂ ಗೈರು, ದಂಡ ತಪ್ಪುವುದಿಲ್ಲ. ಮಾಸ್ತರರು ಯೋಚಿಸಿ ನೋಡಿ, ಇದ್ದ ಹೆಸರಿಗೇ ಇದ್ದ ತಲೆಯನ್ನು ಹಾಕಿಕೊಂಡರು. ನಾನು ಅವರ ಜಾಗದಲ್ಲಿದ್ದರೆ ಮಾಡುತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ, ಯಾಕೆಂದರೆ ನಾನು ಅವರ ಜಾಗದಲ್ಲಿದ್ದಿದ್ದರೆ ಅವ್ವ ಎಮ್ಮೆ ಕಾಯುತ್ತಿದ್ದಳು.

ಎರಡನೇ ವರ್ಷ ದಿಪೋಟಿ ಬಂದ. ಹಾಜರಿ ಕರೆಯುತ್ತ ಹೋಗಿ ಮಾಮಾನ ಹೆಸರಿಗೆ ಎರಡು ಜಡೆಯ, ಹೆಣ್ಣುಮಕ್ಕಳ ಪರಕಾರ ಉಟ್ಟ ಒಬ್ಬ ವಿದ್ಯಾರ್ಥಿ ಎದ್ದು ನಿಂತಾಗ ಪುಸ್ತಕದಿಂದ ತಲೆ ಎತ್ತಿದ. ಮಾಸ್ತರರು ಅಲುಗಾಡಲಿಲ್ಲ. "ಹರಕೀ ಕೂಸ್ರಿ ಸಾಹೇಬ್ರ. ಮೊದಲನೇವು ಉಳೀಲಿಲ್ಲ ಅಂತ ಹೆಣ್ಣಿನ ಉಡಪಿನ್ಯಾಗ ಇಟ್ಟಾರ. ಜವಳ ಇನ್ನೂ ಆಗಿಲ್ರಿ" ಎಂದರು. ನಮ್ಮ ಕಡೆ ಹಾಗೆ ಇಡುವ ಪದ್ಧತಿ ಖರೇನೇ ಇತ್ತು. ದಿಪೋಟಿ ತಲೆದೂಗಿ, ಆ ಹುಡುಗನಿಗೆ ಹದಿಮೂರರ ಮಗ್ಗಿ ಕೇಳಿದ. ಹುಡುಗ ತಪ್ಪಿಲ್ಲದೆ ಹೇಳಿದ. ದಿಪೋಟಿಗೆ ಬಹಳ ಸಂತೋಷವಾಗಿ, ಇಂಥ ಜಾಣ ಹುಡುಗ ಹೀಗೆ ಜಡೆ ಹಾಕಿಕೊಂಡು ಇರಬಾರದೆಂದು ಜವಳದ ಶೇರಾ ಬರೆದು ಹೋದ.

"ಮಾಮಾ ಒಮ್ಮೆನೂ ಸಾಲೀಗೆ ಬರಲಿಲ್ಲೇನು?" ಎಂದು ಕೇಳಿದೆ.

"ಒಂದ ದಿನ ಬಂದಿದ್ದಾ. ಮಾಸ್ತರ ಎಲ್ಲಾರ್ನೂ ಗೋಕಾಕ ಫಾಲ್ಸ್ ನೋಡಾಕ ಕರಕೊಂಡ ಹೊಂಟಿದ್ರು. ಅವತ್ತ ಬಂದಾ. ಹೆಸರ ನಂದೈತಿ ಅಂದಾ. ನಾ ಎಮ್ಮಿ ಕಾಯ್ದೆ."

ಅವ್ವ ಇದನ್ನು ಕೋಪದಿಂದ ಹೇಳಲಿಲ್ಲ. ನನಗೇ ಕೋಪ ಬಂತು, ಆ ಕೋಪವನ್ನು ಯಾರ ಮೇಲೆ ಹಾಕಬೇಕು ತಿಳಿಯದೆ ಚಹಾ ಇಟ್ಟೆ.

ನಾಲ್ಕನೇ ಯತ್ತೆಯ ಪರೀಕ್ಷೆಯನ್ನು ಅವಳು ಅಣ್ಣನ ಹೆಸರಿನಲ್ಲಿ ಕೊಟ್ಟು ಪಾಸಾದಳು. ಅಲ್ಲಿಗೆ ಸಕ್ತಿಯೂ ಮುಗಿಯಿತು, ಅವಳ ಶಾಲೆಯೂ ಮುಗಿಯಿತು. ಹದಿನಾರಕ್ಕೆ ಅದೇ ಊರಿನ ನನ್ನ ಅಪ್ಪನಿಗೆ ಕೊಟ್ಟರು. ಆಮೇಲೆ ಕೆಲವು ವರ್ಷಕ್ಕೆ ಗೋಕಾಕದ ಒಂದು ಸರಕಾರಿ ಕಚೇರಿಯಲ್ಲಿ ಪಟ್ಟೇವಾಲೆಯ, ಅಂದರೆ ಜವಾನನ, ಜಾಗ ಖಾಲಿಯಾಯಿತು. ನಾಲ್ಕನೇ ಯತ್ತೆ ಪಾಸಾಗಿದ್ದರೆ ಸಾಕಿತ್ತು. ಮಾಮಾ ಪಾಸಾಗಿದ್ದ. ಕೆಲಸಕ್ಕೆ ಹೋಗುವ ಮೊದಲು ಒಂದು ತಿಂಗಳು ಅವನು ನಮ್ಮ ಮನೆಗೆ ಬಂದು ತಂಗಿಯಿಂದ ತನ್ನ ಹೆಸರು ಬರೆಯುವುದನ್ನು ಕಲಿತ. ಹೆಸರಷ್ಟೇ, ಬೇರೆ ಅಕ್ಷರ ಕಲಿಯಲು ವೇಳೆ ಇರಲಿಲ್ಲ. ಹೋಗುವ ದಿನ, "ನೀ ಎಲ್ಲೂ ಸಹಿ ಮಾಡಬ್ಯಾಡ. ಎಲ್ಲಿ ಕಲ್ತಿ ಅಂತ ಯಾರರೆ ಕೇಳಿದ್ರ ನನ್ನ ನೌಕರಿ ಹೊಕ್ಕೈತಿ" ಎಂದ. ಅವ್ವ ಆಯಿತು ಎಂದಳು.

ಅವತ್ತಿನಿಂದ ಅವಳು ಹೆಬ್ಬೆಟ್ಟು ಒತ್ತಿದಳು. ರೇಷನ್ ಅಂಗಡಿಯಲ್ಲಿ, ಸೊಸೈಟಿಯಲ್ಲಿ, ನನ್ನ ಪ್ರಗತಿ ಪತ್ರದಲ್ಲಿ. ಆ ಪ್ರಗತಿ ಪತ್ರದ ಬಗ್ಗೆ ನನಗೆ ಎಷ್ಟು ನಾಚಿಕೆಯಿತ್ತೆಂದರೆ, ಒತ್ತಿದ ಮೇಲೆ ಅದರ ಮೇಲೆ ಕೈ ಇಟ್ಟುಕೊಂಡು ಗುರುಗಳಿಗೆ ಕೊಡುತ್ತಿದ್ದೆ. ನಾನು ಮನೆಯಲ್ಲಿ ಪಾಠ ಓದುವಾಗ ಅವ್ವ ರೊಟ್ಟಿ ಬಡಿಯುತ್ತ, "ಅದನ್ನ ಇನ್ನೊಮ್ಮೆ ಓದು" ಎನ್ನುತ್ತಿದ್ದಳು. ಅವಳಿಗೆ ಪಾಠ ಇಷ್ಟವಾಗಿದೆ ಎಂದುಕೊಳ್ಳುತ್ತಿದ್ದೆ. ನಾನು ತಪ್ಪು ಓದಿದ ಕಡೆಯಲ್ಲಷ್ಟೇ ಹಾಗೆ ಹೇಳುತ್ತಿದ್ದಳೆಂಬುದು ಈಗ ಹೊಳೆಯಿತು.

ಇಷ್ಟಾದ ಮೇಲೆ ನನಗೆ ಇನ್ನೊಂದು ವಿಷಯ ನೆನಪಾಯಿತು. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಊರೂರಿಗೆ ಸಾಕ್ಷರತಾ ಆಂದೋಲನ ಬಂದಿತ್ತು. ಮನೆ ಮನೆಗೆ ಹೋಗಿ ಅನಕ್ಷರಸ್ಥರ ಪಟ್ಟಿ ಮಾಡಿದವಳು ನಾನೇ. ಮೊದಲ ಹೆಸರು ನನ್ನ ಅವ್ವನದು. ಸಂಜೆಯ ತರಗತಿಗೆ ಜನ ಬರದಿದ್ದಾಗ ಅವ್ವನನ್ನೇ ಕರೆದುಕೊಂಡು ಹೋಗಿ ಮುಂದೆ ಕೂರಿಸಿ, ಅವಳ ಕೈ ಹಿಡಿದು ಅ ಆ ತಿದ್ದಿಸಿದೆ. ಮೂರು ತಿಂಗಳು ತಿದ್ದಿದಳು. ಹೆಣ್ಣುಮಕ್ಕಳಲ್ಲೆಲ್ಲ ಅವ್ವನದೇ ಅಕ್ಷರ ಚೆಂದ ಬಂತು. ಆಂದೋಲನದವರು ನನಗೆ ಸ್ಟೀಲಿನ ತಟ್ಟೆ ಕೊಟ್ಟರು. ನನ್ನ ಅವ್ವನಿಗೆ ನಾನೇ ಅಕ್ಷರ ಕಲಿಸಿದೆ ಎಂದು ಮೂವತ್ತು ವರ್ಷ ಎಷ್ಟು ತರಬೇತಿಗಳಲ್ಲಿ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಕೇಳಿದವರು ಕಣ್ಣೀರು ಹಾಕಿದ್ದಾರೆ. ನಾನೂ ಹಾಕಿದ್ದೇನೆ.

"ನನ್ನ ಹುಚ್ಚೀ ಮಾಡಿದ್ಯಲ್ಲವಾ" ಎಂದೆ. ದನಿ ಏರಿತ್ತು. "ಮೂರ ತಿಂಗಳ ಸುಮ್ನ ಕುಂತು ತಿದ್ದಿದಿ?"

"ಹುಚ್ಚಿ ಯಾಕ ಮಾಡ್ಲಿ? ನೀ ಕಲಿಸಿದ ಮ್ಯಾಲ ನಾ ಸಹಿ ಮಾಡಾಕತ್ತೆ. ಯಾರರೆ ಕೇಳಿದ್ರ, ಮಗಳ ಕಲಿಸ್ಯಾಳ ಅಂದೆ. ಅಣ್ಣನ ನೌಕರಿಗೂ ಧಕ್ಕಿ ಆಗಲಿಲ್ಲ." ಸಿಪ್ಪೆಯನ್ನು ಒಂದು ಬದಿಗೆ ಸರಿಸಿ ಹೇಳಿದಳು: "ಮಾಸ್ತರ ಎಲ್ಲಾ ಹುಡುಗೂರ ಕೈ ಹಿಡದ ತಿದ್ದಸ್ತಿದ್ರು. ನಾ ಹೆಣ್ಣ ಕೂಸಂತ ನನ್ನ ಕೈ ಹಿಡೀತಿರಲಿಲ್ಲ. ಬಾಜೂ ಹುಡುಗನ ಪಾಟಿ ನೋಡಿ ನೋಡಿ ಕಲ್ತೆ. ಕೈ ಹಿಡದ ಕಲಿಸಿದಾಕಿ ನೀ ಒಬ್ಬಾಕಿ."

ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ. ಸುಳ್ಳು ಹೇಳುವುದೇಕೆ, ಚೆನ್ನಾಗಿಯೇ ಅತ್ತೆ. ಮುಖ ತೊಳೆದುಕೊಂಡು ಬಂದಾಗ ಅವ್ವ ಕಾಯಿ ಸುಲಿದು ಮುಗಿಸಿದ್ದಳು.

"ಇತಿಹಾಸ ಬರಿಯಾಕತ್ತಿ ಅಲ್ಲ" ಎಂದಳು. "ಅದರಾಗ ನನ್ನ ಹೆಸರ ಬರಿ. ಅಂವ ನೌಕರಿ ಬಿಟ್ಟ ಇಪ್ಪತ್ತ ವರ್ಷ ಆತು. ಇನ್ನ ಯಾರ ಹೆದರಿಕಿ ಐತಿ? ಆ ನಾಕ ವರ್ಷ ನಂದು ಅಂತ ಎಲ್ಲೆರೆ ಒಂದ ಕಡೆ ಇರಲಿ."

ಜೀವಮಾನದಲ್ಲಿ ಅವ್ವ ನನ್ನಿಂದ ಏನನ್ನೂ ಕೇಳಿದವಳಲ್ಲ. ಮೊದಲ ಸಲ ಕೇಳಿದ್ದು ನಾನು ಯಾರಿಗೂ ಕೊಡದ ವಸ್ತುವನ್ನು. ರಜಿಸ್ಟರಿನಲ್ಲಿ ಮಾಮಾನ ಹೆಸರಿದೆ. ಅದರ ಎದುರು ನಾಲ್ಕು ವರ್ಷದ ಹಾಜರಿಯಿದೆ. ಅದು ಸುಳ್ಳು ಎಂದು ಅಚ್ಚು ಹಾಕಿಸಿದರೆ ಅವನ ದಾಖಲೆ ಸುಳ್ಳು, ನೌಕರಿ ಸುಳ್ಳು. ಈಗ ಅವನು ತಿನ್ನುತ್ತಿರುವ ಪೆನ್ಶನ್ನೂ ಯಾರಾದರೂ ಅರ್ಜಿ ಹಾಕಿದರೆ ಸುಳ್ಳಾಗಬಹುದು. ನಮ್ಮ ಕಡೆ ಅರ್ಜಿ ಹಾಕುವವರಿಗೆ ಬರವಿಲ್ಲ. ಅದಕ್ಕೆ ಮೊದಲು ಅವನನ್ನೇ ಕೇಳೋಣ ಎಂದು ಗೋಕಾಕದ ಬಸ್ಸು ಹತ್ತಿ, ಅಲ್ಲಿಂದ ಮೂಡಲಗಿ ಬಸ್ಸು ಹಿಡಿದು ಊರಿಗೆ ಹೋದೆ.

ಮಾಮಾ ಕಟ್ಟೆಯ ಮೇಲೆ ಕುಳಿತಿದ್ದ. ಎಂಬತ್ತು ದಾಟಿದರೂ ಕಬ್ಬಿನ ಗಣಿಕೆಯಂತೆ ಗಟ್ಟಿ. ನಾನು ವಿಷಯ ಹೇಳಿದೆ. ಅವನು ಇಲ್ಲ ಎನ್ನುತ್ತಾನೆ, ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ಅಂಗಿಯ ಜೇಬಿನಿಂದ ತನ್ನ ಚಾಳೀಸಿನ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟ.

"ಹಾಕ್ಕೊಂಡ ನೋಡು."

ಹಾಕಿಕೊಂಡೆ. ಏನೂ ಬದಲಾಗಲಿಲ್ಲ. ಸಾದಾ ಗಾಜು.

"ಇಪ್ಪತ್ತೆರಡನೇ ವರ್ಷಕ್ಕ ತಗೊಂಡೇನಿ" ಎಂದ. "ಯಾವ ಸಾಹೇಬರೆ ಇದನ್ನ ಓದಪಾ ಅಂದ್ರ, ಚಾಳೀಸ ಮನ್ಯಾಗ ಬಿಟ್ಟೇನ್ರಿ ಅಂತಿದ್ದೆ. ಫೈಲ್ ಎಲ್ಲಾ ಕಲಿ ನೋಡಿ ಗುರ್ತ ಹಿಡೀತಿದ್ದೆ. ಚಹಾದ ಕಲಿ ಯಾವುದರ ಮ್ಯಾಲ, ಎಲಿ ಅಡಿಕಿ ಕಲಿ ಯಾವುದರ ಮ್ಯಾಲ. ಮೂವತ್ತೆಂಟ ವರ್ಷ, ಮುಂಜಾನೆದ್ದ ಕೂಡ್ಲೆ ಇವತ್ತ ಸಿಗತೇನಿ ಅಂತನ ಏಳತಿದ್ದೆ."

ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ.

"ಹಂಗಾರ ಬರೀಲೇನ ಮಾಮಾ?"

"ಬರಿ. ಬ್ಯಾಡ ಅನ್ನೂದಿಲ್ಲ. ನಾ ಸತ್ತ ಮ್ಯಾಲ ಬರಿ."

ಪುಸ್ತಕ ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕಿತ್ತು. ಮಾಮಾನ ತಬ್ಯೇತು ಚೆನ್ನಾಗಿತ್ತು.

ನಾನು ಬರೆಯಲಿಲ್ಲ. ಧೈರ್ಯ ಸಾಲಲಿಲ್ಲ ಎಂಬುದೇ ಸರಿ, ಬೇರೆ ಕಾರಣ ಹುಡುಕಿದರೆ ಅದು ನೆಪ. ಜವಳದ ಶೇರಾವನ್ನೂ ಬಿಟ್ಟೆ. ಗುಡಿ, ಚಾವಡಿ, ಪಡಸಾಲೆ, ಹಂಚಿನ ಖೋಲಿ, ಉಪ್ಪಿಟ್ಟು ಎಲ್ಲವನ್ನೂ ಕ್ರಮವಾಗಿ ಬರೆದು, ಕೊನೆಯಲ್ಲಿ ಈಗ ಬದುಕಿರುವ ಅತಿ ಹಿರಿಯ ವಿದ್ಯಾರ್ಥಿಗಳು ಎಂದು ಮೂವರ ಪಟ್ಟಿ ಹಾಕಿದೆ. ಮೊದಲ ಹೆಸರು ಮಾಮಾನದು. ಕರಡಚ್ಚು ಬಂದಾಗ ಅವ್ವ ಬೆಳಕಿಗೆ ಹಿಡಿದು ಎಲ್ಲ ಪುಟ ಓದಿದಳು. ಎರಡು ಕಡೆ ಅಚ್ಚಿನ ತಪ್ಪು ಹುಡುಕಿ ಬೆರಳಿಟ್ಟು ತೋರಿಸಿದಳು. ಕೊನೆಯ ಪುಟ ಮುಗಿದ ಮೇಲೆ, "ನಂದ ಎಲ್ಲೈತಿ?" ಎಂದಳು.

ನಾನು ಮಾಮಾ ಹೇಳಿದ್ದನ್ನು ಹೇಳಿದೆ. ಅವಳು ಪುಟಗಳನ್ನು ಜೋಡಿಸಿ ಕೊಟ್ಟಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಚಹಾ ಕೊಟ್ಟಳು, ಸಕ್ಕರೆ ಹಾಕಲಿಲ್ಲ.

ಸಮಾರಂಭದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ದೊಡ್ಡ ಸಾಹೇಬರು ಎರಡು ತಾಸು ತಡವಾಗಿ ಬಂದರು. ಬಂದ ಮೇಲೆ ವೇದಿಕೆಯ ಮೇಲೆ ಫೋನಿನಲ್ಲಿ ಮಾತಾಡುತ್ತ ಕುಳಿತರು. ಪುಸ್ತಕ ಬಿಡುಗಡೆಯಾಯಿತು. ನನಗೂ ಒಂದು ಹಾರ ಬಿತ್ತು. ಆಮೇಲೆ ಅಧ್ಯಕ್ಷರು ಮೈಕಿನಲ್ಲಿ ಹಿರಿಯ ವಿದ್ಯಾರ್ಥಿಗಳ ಸನ್ಮಾನ ಎಂದು ಹೇಳಿ ಮಾಮಾನ ಹೆಸರು ಕರೆದರು. ಮಾಮಾ ಮುಂದಿನ ಸಾಲಿನಲ್ಲಿ ಕುಳಿತಿದ್ದ, ಪಕ್ಕದಲ್ಲಿ ಅವ್ವ. ಅವನು ಏಳಲಿಲ್ಲ. ಅಧ್ಯಕ್ಷರು ಇನ್ನೊಮ್ಮೆ ಕರೆದರು. ಮಾಮಾ ತಂಗಿಯ ಮೊಣಕೈ ಹಿಡಿದು ಎಬ್ಬಿಸುತ್ತಿದ್ದ. ನಾನು ವೇದಿಕೆಯ ಬದಿಯಲ್ಲೇ ಇದ್ದೆ, ಅವನು ಹೇಳಿದ್ದು ಕೇಳಿಸಿತು.

"ನೀನ ಹೋಗು. ನಾ ಹೆಂಗ ಹೋಗ್ಲಿ? ನೀನ ಹೋಗು."

ಅವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಅಧ್ಯಕ್ಷರು ಗೊಂದಲಕ್ಕೆ ಬಿದ್ದರೂ ಸಾವರಿಸಿಕೊಂಡು, ಹಿರಿಯರ ಆರೋಗ್ಯ ಸರಿಯಿಲ್ಲದ ಕಾರಣ ಅವರ ಪರವಾಗಿ ಅವರ ತಂಗಿ ಸನ್ಮಾನ ಸ್ವೀಕರಿಸುತ್ತಾರೆ ಎಂದು ಘೋಷಿಸಿದರು. ಶಾಲು ಹೊದಿಸಿದರು, ಕಾಯಿ ಕೊಟ್ಟರು. ರೂಢಿಯಂತೆ, "ಎರಡ ಮಾತ ಹೇಳ್ರಿ ಆಯಿ" ಎಂದು ಮೈಕು ಮುಂದೆ ಹಿಡಿದರು. ಇಂಥ ಕಡೆ ಎಲ್ಲರೂ ಬೇಡ ಎಂದು ಕೈ ಅಲ್ಲಾಡಿಸಿ ಇಳಿಯುತ್ತಾರೆ. ಅವ್ವ ಮೈಕು ಹಿಡಿದುಕೊಂಡಳು.

"ಪರವಾಗಿ ಅಲ್ರಿ" ಎಂದಳು. "ನಾಕ ವರ್ಷ ಈ ಸಾಲಿ ಕಲ್ತಾಕಿ ನಾನ. ನಮ್ಮಣ್ಣನ ಹೆಸರ ಮ್ಯಾಲ ಕುಂತಿದ್ನಿ. ಅಂವ ಎಮ್ಮಿ ಕಾಯ್ದಾನು."

ನಾನು ದೊಡ್ಡ ಸಾಹೇಬರ ಕಡೆ ನೋಡಿದೆ, ಅವರು ಇನ್ನೂ ಫೋನಿನಲ್ಲಿದ್ದರು. ಮಾಮಾನ ಕಡೆ ನೋಡಿದೆ, ಅವನು ತಲೆ ತಗ್ಗಿಸಿ ಹೌದು ಹೌದು ಎಂಬಂತೆ ಆಡಿಸುತ್ತಿದ್ದ. ಜನ ಏನೆನ್ನುತ್ತಾರೋ ಎಂದು ಕಾದೆ. ಕೊನೆಗೆ ಪಟ್ಟಿಯಲ್ಲಿ ಎರಡನೆಯವರಾಗಿದ್ದ ಮುದುಕರು, ಎಂಬತ್ತರ ಮೇಲಿನವರು, ಕುಳಿತಲ್ಲಿಂದಲೇ ಕೂಗಿದರು.

"ಅದು ಊರಿಗೆಲ್ಲಾ ಗೊತ್ತಿದ್ದ ಮಾತ ಬಿಡವಾ! ನಿನ್ನ ಬಾಜೂಕ ನಾನ ಕುಂದರತಿದ್ನಿ. ಮುಂದಿಂದ ಹೇಳು!"

ಜನ ನಕ್ಕರು. ಕೆಟ್ಟ ನಗೆಯಲ್ಲ, ಪ್ರೀತಿಯ ನಗೆಯೇ. ಹಿಂದಿನ ಸಾಲಿನ ಮುದುಕಿಯರೂ ಹೌದೌದು ಎಂದರು. ತಮಗೆ ಅತ್ತೆ ಹೇಳಿದ್ದಳು, ತಮಗೆ ಅಪ್ಪ ಹೇಳಿದ್ದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಧ್ಯಕ್ಷರೂ ನಕ್ಕು, ತಮ್ಮ ಅಜ್ಜನೂ ಈ ಮಾತು ಹೇಳುತ್ತಿದ್ದ ಎಂದು ಮೈಕಿನಲ್ಲೇ ಹೇಳಿದರು. ಹಾಗಾದರೆ ಗೊತ್ತಿಲ್ಲದ್ದು ರಜಿಸ್ಟರಿಗೆ ಮತ್ತು ನನಗೆ ಮಾತ್ರ. ಅವ್ವನಿಗೆ ಮುಂದಿನದು ಏನೂ ಇರಲಿಲ್ಲ. ಮೈಕು ಕೊಟ್ಟು ಇಳಿದು ಬಂದಳು.

ಎಲ್ಲ ಸುಖಾಂತವಾಯಿತು ಎಂದು ನನಗೆ ಹಗುರವೆನಿಸಿತ್ತು. ಯಾರಿಗೂ ತೊಂದರೆಯಾಗಲಿಲ್ಲ, ಅವ್ವನ ಮಾತು ನೂರಾರು ಜನರ ಮುಂದೆ ಬಂತು. ಮಕ್ಕಳ ಕೋಲಾಟ ಶುರುವಾಯಿತು. ಅವ್ವ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೋಲಾಟ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಯಾಕವಾ, ಎಲ್ಲಾರೂ ಒಪ್ಪಿದ್ರಲ್ಲ" ಎಂದೆ.

"ಎಲ್ಲಾರಿಗೂ ಗೊತ್ತಿತ್ತಂತ" ಎಂದಳು. "ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ದುಡ್ಯಾಕ ಹ್ವಾದವರ ಕಾಗದಾ ಬರತಿದ್ದೂ. ಅವರ ಹೇಣ್ತೇರು ಅದನ್ನ ಸೆರಗಿನ್ಯಾಗ ಇಟಗೊಂಡ ನಮ್ಮ ಮನಿ ಮುಂದ ಹಾಯ್ದನ ಮಾಸ್ತರ ಮನೀಗೆ ಓದಿಸಾಕ ಹೋಗತಿದ್ರು. ಮಾಸ್ತರ ಇಲ್ದಿದ್ರ ಸೋಮವಾರತನಕ ಕಾಯತಿದ್ರು. ನಾ ಬಾಗಲದಾಗ ಕುಂತ ನೋಡತಿದ್ನಿ. ಯಾರಿಗೂ ಗೊತ್ತಿಲ್ಲ, ಅದಕ್ಕ ಕೇಳೂದಿಲ್ಲ ಅನಕೊಂಡಿದ್ನಿ. ಗೊತ್ತಿದ್ರೂ ಒಬ್ಬಾಕೆರೆ ಬಂದು, ಇದನ್ನೊಂದ ಓದಿ ಹೇಳವಾ ಅನ್ನಲಿಲ್ಲಲ್ಲ."